ತತ್ತಿಗೆ ಬಟಾಟಿ ಎಂದ ಮನೆ

ಸುಳ್ಳದಲ್ಲಿ ಹುಟ್ಟಿದವಳಾದರೂ ಮುತ್ತವ್ವ ಸುಳ್ಳು ಹೇಳುವವಳಲ್ಲ ಎಂದು ಅವಳ ಗಂಡ ಗಂಗಪ್ಪ ಬದುಕಿರುವ ತನಕ ಊರ ಹೆಸರು ಹಿಡಿದು ನಗೆಯಾಡುತ್ತಿದ್ದ. ಅವನು ಹೋಗಿ ಹನ್ನೊಂದು ವರ್ಷವಾಗಿ, ಅರವತ್ತೆಂಟಕ್ಕೆ ಬಿದ್ದ ಮೇಲೆ, ಆ ಮಾತು ಉಳಿಸಿಕೊಳ್ಳುವುದಕ್ಕೆ ಅವಳು ಬಟಾಟಿ ಬೇಯಿಸಬೇಕಾಯಿತು.

ಬೇಯಿಸುವ ರೀತಿ ಹೀಗಿತ್ತು. ಕುಕ್ಕರಿಗೆ ಎರಡು ಬಟ್ಟಲು ನೀರು, ಒಂದು ಚಿಟಿಕೆ ಉಪ್ಪು. ತತ್ತಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಇಡಬೇಕು. ಇಲ್ಲದಿದ್ದರೆ ಕುದಿಯುವಾಗ ಪಾತ್ರೆಗೆ ಬಡಿದು ಟಕಟಕ ಎನ್ನುತ್ತದೆ. ಬಟಾಟಿ ಹಾಗೆ ಎನ್ನುವುದಿಲ್ಲ. ತತ್ತಿಯ ಮಗ್ಗುಲಿಗೆ ಒಂದು ಬಟಾಟಿ. ಒಂದೇ ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ. ತತ್ತಿ ಪೂರ್ತಿ ಬೇಯುತ್ತದೆ, ಬಟಾಟಿ ಅರೆಬೇಯುತ್ತದೆ. ಅರೆಬೆಂದ ಬಟಾಟಿಯನ್ನು ಮುತ್ತವ್ವನೇ ಮಧ್ಯಾಹ್ನ ಹೆಚ್ಚಿ, ಒಗ್ಗರಣೆ ಹಾಕಿ, ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು. ಮುಂದಿನ ಮನೆಯಿಂದ ಮಾಲಕಿ "ಏನು ಕುದಿಸ್ಲಿಕತ್ತೀರಿ ಮುತ್ತವ್ವಾ?" ಎಂದು ಕೇಳಿದರೆ "ಬಟಾಟಿ ರೀ ಬಾಯಾರ" ಎನ್ನಬಹುದಿತ್ತು. ಅದು ಸುಳ್ಳಲ್ಲ. ಪೂರ್ತಿ ಖರೆಯೂ ಅಲ್ಲ.

ಮನೆ ಇದ್ದದ್ದು ಗೋಕುಲ ರಸ್ತೆಯಿಂದ ಒಳಗೆ ಮೂರನೆಯ ಅಡ್ಡರಸ್ತೆಯಲ್ಲಿ, ಒಂದು ದೊಡ್ಡ ಮನೆಯ ಹಿಂಭಾಗದಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಸ್ವಂತ ನಳ. ಮುಂಭಾಗದಲ್ಲಿ ಮಾಲಕರಾದ ತ್ರ್ಯಂಬಕರಾಯರು ಮತ್ತು ಅವರ ಹೆಂಡತಿ ನಿರುಪಮಾ ಇದ್ದರು. ಆಕೆ ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವರು, ಹಾಗಾಗಿ ಓಣಿಗೆಲ್ಲ ಬಾಯಾರು. ಮುತ್ತವ್ವನ ಮಗ ಶಶಿಕುಮಾರ ಸರಕಾರಿ ಕಚೇರಿಯೊಂದರಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ಸೊಸೆ ಸ್ನೇಹಲ್ ವಿದ್ಯಾನಗರದ ಔಷಧದ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತಿದ್ದಳು. ಅವರಿಗೊಂದು ಹೆಣ್ಣುಕೂಸು, ಎರಡು ವರ್ಷ ತುಂಬಿ ನಾಲ್ಕು ತಿಂಗಳು. ಸಂಘಮಿತ್ರಾ ಎಂದು ಶಶಿಕುಮಾರ ಹೆಸರಿಟ್ಟಿದ್ದ, ಕರೆಯುವುದು ಮಿತ್ರಾ ಎಂದು. ಮೊದಲಿದ್ದ ಮನೆಗೆ ನೀರು ಎಂಟು ದಿನಕ್ಕೊಮ್ಮೆ ಬರುತ್ತಿತ್ತು, ಕೂಸಿಗೆ ಮೇಲಿಂದ ಮೇಲೆ ಹೊಟ್ಟೆ ಕೆಡುತ್ತಿತ್ತು. ನಳದ ಆಸೆಗೆ ಇಲ್ಲಿ ಬಂದಿದ್ದರು.

ಮನೆ ನೋಡಲು ಬಂದ ದಿನ ನಿರುಪಮಾ ಬಾಯಿ ಒಂದೇ ಒಂದು ಪ್ರಶ್ನೆ ಕೇಳಿದ್ದರು. "ನೀವು ತಿನ್ನೂದಿಲ್ಲಲ್ಲ?"

ಏನನ್ನು ಎಂದು ಅವರು ಹೇಳಲಿಲ್ಲ. ಹುಬ್ಬಳ್ಳಿ ಧಾರವಾಡದಲ್ಲಿ ಈ ಮಾತಿಗೆ ಹಿಂದೆ ಮುಂದೆ ಇನ್ನೊಂದು ಪದ ಬೇಕಾಗುವುದಿಲ್ಲ. ಜಾತಿಯನ್ನೂ ಅವರು ಕೇಳಲಿಲ್ಲ. ಅದೂ ಅದೇ ಪ್ರಶ್ನೆಯ ಹೊಟ್ಟೆಯಲ್ಲಿತ್ತು.

"ಇಲ್ರೀ ಬಾಯಾರ" ಎಂದ ಶಶಿಕುಮಾರ.

ಹಿಂದೆ ನಿಂತಿದ್ದ ಮುತ್ತವ್ವ ತನ್ನ ಕಾಲುಂಗುರವಿಲ್ಲದ ಬೆರಳುಗಳನ್ನು ನೋಡಿಕೊಂಡಳು. ಮನೆಗೆ ಬರುವಾಗ ಆಟೋದಲ್ಲಿ ಮಗನಿಗೆ, "ಎಂಟು ದಿನಕ್ಕೊಮ್ಮೆ ತಿಂತೇವಿ ಅಂತರ ಹೇಳಬೇಕಿತ್ತೊ" ಎಂದಳು.

"ಹೇಳಿದ್ರ ಎಂಟು ದಿನಕ್ಕೊಮ್ಮೆ ಮನಿ ಕೊಡ್ತಿದ್ರು" ಎಂದ ಅವನು.

ಅಲ್ಲಿಗೆ ಹೋಗಿ ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಮುತ್ತವ್ವ ಬಟ್ಟೆ ಒಣಹಾಕಿ ತಿರುಗಿ ನೋಡಿದರೆ ಮಿತ್ರಾ ಹಿತ್ತಲ ಗೋಡೆಗೆ ಮುಖ ಹಚ್ಚಿ ನಿಂತಿದ್ದಳು. ಮುಖ ತಿರುಗಿಸಿದರೆ ತುಟಿಯ ಮೇಲೆ ಸುಣ್ಣ. ಮರುದಿನ ಮುಂದಿನ ಮನೆಯ ತುಳಸಿಕಟ್ಟೆಯ ಮಣ್ಣು ಹಲ್ಲಲ್ಲಿತ್ತು. ಸ್ನೇಹಲ್ ಗದರಿ ಬಾಯಿ ತೊಳೆಸಿದಳು. ಮುತ್ತವ್ವ ಗದರಲಿಲ್ಲ. ಕೂಸನ್ನು ಬೆಳಕಿಗೆ ಒಯ್ದು ಅಂಗೈ ಬಿಡಿಸಿ ನೋಡಿದಳು, ಉಗುರು ಒತ್ತಿ ಬಿಟ್ಟು ನೋಡಿದಳು. ಒತ್ತಿದಾಗ ಬೆಳ್ಳಗಾದ ಉಗುರು ಬಿಟ್ಟ ಮೇಲೂ ಬೆಳ್ಳಗೇ ಇತ್ತು.

ಆ ಬಿಳುಪು ಅವಳಿಗೆ ಗೊತ್ತಿತ್ತು. ಶಶಿಕುಮಾರನಿಗಿಂತ ಬಹಳ ಮೊದಲು ಅವಳಿಗೆ ಫಕೀರವ್ವ ಎಂಬ ಮಗಳಿದ್ದಳು. ಸುಳ್ಳದ ಮನೆಯಲ್ಲಿ ಏಳು ಕೋಳಿ ಸಾಕಿದ್ದರು. ತತ್ತಿಗಳನ್ನು ಜೋಳದ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಹೂಳಿ ತಲೆಯ ಮೇಲಿಟ್ಟುಕೊಂಡು ಮುತ್ತವ್ವ ಹುಬ್ಬಳ್ಳಿಗೆ ನಡೆದು ಬಂದು ಮಾರುತ್ತಿದ್ದಳು. ಒಡೆದ ತತ್ತಿಯನ್ನು ಮಾತ್ರ ಮನೆಯಲ್ಲಿ ತಿನ್ನಬೇಕು, ಅದೂ ಹೊಲಕ್ಕೆ ಹೋಗುವ ಗಂಡಸರಿಗೆ. ಮುತ್ತವ್ವ ಜತನದ ಹೆಂಗಸು, ತತ್ತಿ ಒಡೆಯುತ್ತಿದ್ದದ್ದೇ ಅಪರೂಪ. ಫಕೀರವ್ವ ಒಲೆಯ ಮಣ್ಣು ಕೆರೆದು ತಿನ್ನುತ್ತಿತ್ತು. ಹುಳ ಆಗಿದೆ ಎಂದರು, ದೃಷ್ಟಿ ಎಂದರು. ಕಾಲು ಬಾತವು. ಮೂರು ತುಂಬಲು ನಾಲ್ಕು ತಿಂಗಳಿರುವಾಗ ಹೋಯಿತು. ಆವತ್ತು ಕೂಡ ಬುಟ್ಟಿಯಲ್ಲಿ ಹನ್ನೊಂದು ತತ್ತಿ ಇದ್ದವು. ಆ ಹನ್ನೊಂದನ್ನು ಮುತ್ತವ್ವ ಯಾರ ಮುಂದೆಯೂ ಹೇಳಿಲ್ಲ, ಮರೆತೂ ಇಲ್ಲ.

ವಿದ್ಯಾನಗರದ ಮಕ್ಕಳ ಡಾಕ್ಟರು ಮಿತ್ರಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬೆರಳು ಚುಚ್ಚಿ ರಕ್ತ ನೋಡಿದರು. ಹನ್ನೊಂದು ಇರಬೇಕಾದ ಹಿಮೋಗ್ಲೋಬಿನ್ ಎಂಟು ಇತ್ತು.

"ಹಾಲು ಎಷ್ಟು ಕುಡೀತಾಳ?" ಎಂದು ಕೇಳಿದರು.

"ದೊಡ್ಡ ಗ್ಲಾಸಿನ್ಯಾಗ ಮೂರು ಸರ್ತಿ ರೀ" ಎಂದಳು ಸ್ನೇಹಲ್, ಹೆಮ್ಮೆಯಿಂದ.

"ಒಂದಕ್ಕ ಇಳಿಸ್ರಿ. ಹಾಲಿಗೆ ಹೊಟ್ಟಿ ತುಂಬತೈತಿ, ರಕ್ತ ಆಗಾಂಗಿಲ್ಲ. ದಿನಾ ಒಂದು ತತ್ತಿ ಕೊಡ್ರಿ. ವಾರದಾಗ ಎರಡು ಸರ್ತಿ ಲಿವರ್ ಇಲ್ಲಾ ಖೈಮಾ, ಮೆತ್ತಗ ಬೇಯಿಸಿ. ನೀವು ತಿಂತೀರಿಲ್ಲೋ?"

ಗಂಡ ಹೆಂಡತಿ ಇಬ್ಬರೂ ಉತ್ತರ ಕೊಡಲು ತಡವರಿಸಿದರು. ಬೇರೆಯವರ ಮನೆಯಲ್ಲಿ ಕೂತಂತೆ ಅಲ್ಲಿಯೂ ಅವರಿಗೆ ಬಾಯಿ ಕಟ್ಟಿತ್ತು. "ತಿಂತೇವ್ರಿ" ಎಂದಳು ಮುತ್ತವ್ವ.

ಸಿರಪ್ಪಿನ ಬಾಟಲಿ ತೆಗೆದುಕೊಂಡು ಮನೆಗೆ ಬಂದರು. ಸಿರಪ್ಪು ಕುಡಿಸುವುದು ಸುಲಭ, ಅದರ ಹೆಸರು ಯಾರಿಗೂ ಅಡ್ಡಿಯಿಲ್ಲ. ಉಳಿದದ್ದು ಒಂದೊಂದಾಗಿ ಕಡಿಮೆಯಾಗುತ್ತ ಹೋಯಿತು.

"ಲಿವರ್ ಈ ಮನ್ಯಾಗ ಹೆಂಗ ಬೇಯಸ್ತಿ?" ಎಂದ ಶಶಿಕುಮಾರ. "ಒಗ್ಗರಣಿ ವಾಸನಿ ಗೋಕುಲ ರೋಡ್ ತನಕ ಹೋಗ್ತೈತಿ."

"ನೀ ಬುಧವಾರ ಶುಕ್ರವಾರ ಆಫೀಸ್ ಕಡೆ ತಿಂದು ಬಡೇಸೋಪ ಅಗಿಕೋತ ಬರ್ತಿ. ಆಕಿ ಎಲ್ಲೆ ತಿನ್ನಬೇಕು?" ಎಂದಳು ಮುತ್ತವ್ವ.

"ಆಕೀನ್ನ ಕಚೇರಿಗೆ ಕರ್ಕೊಂಡು ಹೋಗಲೇನು?"

"ಹೋಟೆಲಿಗರ ಕರ್ಕೊಂಡು ಹೋಗು."

ಒಂದು ಭಾನುವಾರ ಕರೆದುಕೊಂಡು ಹೋದ. ಮಸಾಲೆಯ ಖಾರಕ್ಕೆ ಮಿತ್ರಾ ಮೂಗು ಬಾಯಿ ಎಲ್ಲ ಸುರಿಸಿ ಅತ್ತಳು. ತುಂಡು ಅವಳ ಹಲ್ಲಿಗೆ ಮುರಿಯಲಿಲ್ಲ. ಕೊನೆಗೆ ಬಿಳಿ ಅನ್ನ ತಿಂದು ಬಂದಳು, ಅವಳ ಪಾಲಿನ ತುಂಡುಗಳನ್ನು ಅಪ್ಪ ತಿಂದ. ಸುಳ್ಳಕ್ಕೆ ಹೋದಾಗಲೂ ಹೀಗೆಯೇ. ಹಬ್ಬಕ್ಕೆ ಕುರಿ ಬಿದ್ದರೆ ಗಂಡಸರ ತಾಟಿಗೆ ತುಂಡು, ಮಕ್ಕಳ ತಾಟಿಗೆ ಮೇಲಿನ ರಸ. ಮಕ್ಕಳಿಗೆ ರಸ ಸಾಕು ಎನ್ನುವವರಲ್ಲಿ ಮುತ್ತವ್ವನೂ ಒಬ್ಬಳಾಗಿದ್ದವಳೇ.

ಹಾಗಾಗಿ ಉಳಿದದ್ದು ತತ್ತಿ. ಅದಕ್ಕೆ ಸ್ನೇಹಲ್ ಅಡ್ಡ ಬಂದಳು. "ಅತ್ತೀ, ನಮ್ಮವ್ವ ಫೋನ್ ಮಾಡಿದ್ಲು. ಬ್ಯಾಸಿಗ್ಯಾಗ ತತ್ತಿ ಉಷ್ಣ ಅಂತ. ಮೈಯೆಲ್ಲಾ ಗುಳ್ಳಿ ಏಳ್ತಾವಂತ."

"ಬ್ಯಾಸಿಗ್ಯಾಗ ಕೋಳಿಗೆ ಗುಳ್ಳಿ ಎದ್ದದ್ದು ನಾ ನೋಡಿಲ್ಲವಾ. ಆರು ಹಡದೇನಿ, ಎಪ್ಪತ್ತ ಕೋಳಿ ಸಾಕೇನಿ."

ಸ್ನೇಹಲ್ ನಕ್ಕಳು, ಆದರೆ ಗುರುವಾರ ಮಾತ್ರ ಬೇಡ ಎಂದಳು. ಸೋಮವಾರ ಶಶಿಕುಮಾರನದು. ಶನಿವಾರ ಯಾರದೆಂದು ಯಾರೂ ಹೇಳಲಿಲ್ಲ, ಆದರೆ ಶನಿವಾರವೂ ಬೇಡ. ಏಳರಲ್ಲಿ ಮೂರು ಹೋಗಿ ನಾಲ್ಕು ಉಳಿದವು. ಅಮವಾಸ್ಯೆ ಬಂದರೆ ಮೂರು. ಮಿತ್ರಾ ಹೋಗುತ್ತಿದ್ದ ಅಂಗನವಾಡಿಯಲ್ಲಿ ತೂಕ ಕಡಿಮೆಯಿದ್ದ ಮಕ್ಕಳಿಗೆ ವಾರಕ್ಕೆ ಎರಡು ತತ್ತಿ ಕೊಡುತ್ತಿದ್ದರು, ಮಂಗಳವಾರ ಮತ್ತು ಶುಕ್ರವಾರ. ಆ ಎರಡು ದಿನ ಅಲ್ಲಿ ತಿಂದರೆ ಮನೆಯಲ್ಲಿ ಬುಧವಾರ, ಭಾನುವಾರ ಎರಡು ಕೊಟ್ಟರಾಯಿತು, ಕಳವಿನ ಕೆಲಸ ಅಷ್ಟು ಕಡಿಮೆ ಎಂದು ಮುತ್ತವ್ವ ಲೆಕ್ಕ ಹಾಕಿದಳು. ಆ ಲೆಕ್ಕವೇ ತಪ್ಪಿದ್ದು.

ಕಳವು ಎಂದರೆ ಕಳವೇ. ತತ್ತಿ ತರುವುದು ತಮ್ಮ ಓಣಿಯ ಅಂಗಡಿಯಿಂದಲ್ಲ, ಎರಡು ಓಣಿ ಆಚೆಯಿಂದ, ಸೆರಗಿನ ಕೆಳಗೆ ಸ್ಟೀಲ್ ಡಬ್ಬಿಯಲ್ಲಿ. ಸಿಪ್ಪೆಯನ್ನು ಮನೆಯ ಕಸದಲ್ಲಿ ಹಾಕುವಂತಿಲ್ಲ. ಕಸದ ಗಾಡಿಯವರು ಗೇಟಿನ ಮುಂದೆಯೇ ಹಸಿ ಕಸ ಒಣ ಕಸ ಬೇರೆ ಮಾಡಿ ಸುರುವುತ್ತಾರೆ, ರಾಯರು ಪೇಪರ್ ಹಿಡಿದು ಅಲ್ಲೇ ನಿಂತಿರುತ್ತಾರೆ. ಸಿಪ್ಪೆಯನ್ನು ಪುಡಿ ಮಾಡಿ, ಹಾಲಿನ ಪಾಕೀಟಿನಲ್ಲಿ ತುಂಬಿ, ಕೂಸನ್ನು ಅಂಗನವಾಡಿಗೆ ಬಿಡಲು ಹೋಗುವಾಗ ದೂರದ ತಿಪ್ಪೆಗೆ ಹಾಕಿ ಬರುತ್ತಿದ್ದಳು. ಜೀವಮಾನದಲ್ಲಿ ಯಾರದೂ ಒಂದು ಕಡ್ಡಿ ಮುಟ್ಟದವಳು ಮೊಮ್ಮಗಳಿಗೆ ಉಣ್ಣಿಸಿದ್ದಕ್ಕೆ ಕಳ್ಳಿಯ ಹಾಗೆ ಹಿಂದೆ ನೋಡಿ ಮುಂದೆ ನೋಡಿ ನಡೆಯುತ್ತಿದ್ದಳು.

ಮಾತು ಕಲಿಯುವ ಕೂಸಿನ ಮುಂದೆ ತತ್ತಿ ಎಂಬ ಪದ ಆಡುವಂತಿರಲಿಲ್ಲ. ಮನೆಯಲ್ಲಿ ಎಲ್ಲರೂ ಅದಕ್ಕೆ ಬಟಾಟಿ ಎಂದರು. "ಬಾ, ಬಟಾಟಿ ತಿನ್ನು" ಎಂದರೆ ಮಿತ್ರಾ ಓಡಿ ಬಂದು ಬಾಯಿ ತೆರೆಯುತ್ತಿದ್ದಳು. ಮೊದಲು ಬಿಳಿಯ ಭಾಗ ತಿಂದು, ಹಳದಿ ಗುಂಡನ್ನು "ಚೆಂಡು" ಎಂದು ಕೈಯಲ್ಲಿ ಹಿಡಿದು ಕೊನೆಗೆ ತಿನ್ನುವುದು ಅವಳ ಪದ್ಧತಿ.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತೋ ಏನೋ. ಮೊದಲ ವಾರವೇ ಒಂದು ಸಂಜೆ ನಿರುಪಮಾ ಬಾಯಿ ಎಂದಿನಂತೆ ಹಾಲಿನ ಗ್ಲಾಸು ಹಿಡಿದು ಹಿಂದಿನ ಮನೆಗೆ ಬಂದರು. ಹಾಲು ಕಡಿಮೆ ಮಾಡಲು ಡಾಕ್ಟರು ಹೇಳಿದ್ದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಆಗಿರಲಿಲ್ಲ. ಮನಸಾರೆ ತಂದ ಹಾಲನ್ನು ಬೇಡ ಎನ್ನುವುದು ಹೇಗೆ. ಅವರು ಮೂಗು ಸ್ವಲ್ಪ ಎತ್ತಿದಂತಾಯಿತು. ಸ್ನೇಹಲ್ ಹೆದರಿದಳು. ಹೆದರಿದವಳು ಕೂಸನ್ನು ಎತ್ತಿಕೊಂಡು, "ಮಿತ್ರಾ, ತತ್ತಿ ಹೆಂಗ? ತತ್ತಿ ಛೀ. ಅನ್ನು, ತತ್ತಿ ಛೀ" ಎಂದಳು.

"ತತ್ತಿ ಛೀ" ಎಂದಳು ಮಿತ್ರಾ, ಮೂಗು ಮುರಿದು.

ನಿರುಪಮಾ ಬಾಯಿ ನಕ್ಕು ತಮ್ಮ ಮನೆಗೆ ಹೋಗಿ ಬಾಳೆಹಣ್ಣು ತಂದು ಕೊಟ್ಟರು. ಹಣ್ಣಿನ ಆಸೆಗೆ ಕೂಸು ಮರುದಿನವೂ ಅಂದಿತು. ಬಂದವರ ಮುಂದೆಲ್ಲ ಅಂದಿತು. ಮುತ್ತವ್ವನಿಗೆ ಅದು ಹಿಡಿಸಲಿಲ್ಲ. ತಿನ್ನುವ ವಸ್ತುವಿಗೆ ಛೀ ಅನ್ನಿಸಬಾರದು ಎಂದಳು. "ಆಟ ರೀ ಅತ್ತೀ" ಎಂದಳು ಸ್ನೇಹಲ್.

ಆರು ವಾರದ ಮೇಲೆ ರಕ್ತ ನೋಡಿದರೆ ಎಂಟು ಪಾಯಿಂಟ್ ಎರಡು. ಡಾಕ್ಟರು ಮುತ್ತವ್ವನ ಮುಖ ನೋಡಿದರು. "ತಿನಸಾಕತ್ತೀರೋ ಇಲ್ಲೋ?"

"ವಾರಕ್ಕ ನಾಕು ರೀ. ಎರಡು ಮನ್ಯಾಗ, ಎರಡು ಅಂಗನವಾಡ್ಯಾಗ."

ನಾಲ್ಕು ಹೋಗಿದ್ದರೆ ಇಷ್ಟೇ ಏರಬಾರದು ಎಂದು ಅವರು ಎಂದದ್ದನ್ನು ಕೇಳಿ ಮುತ್ತವ್ವ ನೆಟ್ಟಗೆ ಅಂಗನವಾಡಿಗೆ ಹೋದಳು. ಅಲ್ಲಿ ಕಲಿಸುವ ನಜ್ಮಾ ಟೀಚರು ಹಾಜರಿ ಪುಸ್ತಕ ತೆಗೆದು ತೋರಿಸಿದರು. ಮುತ್ತವ್ವ ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಮಿತ್ರಾಳ ಹೆಸರಿನ ಮುಂದೆ, ತತ್ತಿಯ ಸಾಲಿನಲ್ಲಿ, ಹನ್ನೆರಡು ಸಲ 'ಇಲ್ಲ' ಇತ್ತು. ಆರು ವಾರ, ವಾರಕ್ಕೆ ಎರಡು. ಒಂದೂ ಬಿಟ್ಟಿರಲಿಲ್ಲ.

"ತತ್ತಿ ತಿನ್ನು ಅಂದ್ರ ಛೀ ಅಂತಾಳ್ರಿ ಆಯೀ" ಎಂದರು ನಜ್ಮಾ. "ಮ್ಯಾಲೆ ಮೂಗ ಮುರೀತಾಳ. ನಿಮ್ಮ ಮನಿಯವರು ತಿನ್ನಾಂಗಿಲ್ಲ ಅಂತ ತಿಳ್ಕೊಂಡೆ. ಬಲವಂತ ಮಾಡಿದ್ರ ನಾಳಿ ನೀವ ಬಂದು ಜಗಳ ತಗೀತೀರಿ. ಹಾಲು ಕೊಟ್ಟೆ."

"ಹಾಲು" ಎಂದಳು ಮುತ್ತವ್ವ. ಪುಸ್ತಕವನ್ನು ಅವರ ಕಡೆ ಸರಿಸಿ, "ಟೀಚರ್ರ, ಆಕಿಗೆ ಬಟಾಟಿ ಅಂದು ಕೊಡ್ರಿ, ತಿಂತಾಳ" ಎಂದಳು.

"ಏನಂತ?"

ಮುತ್ತವ್ವ ಎಲ್ಲವನ್ನೂ ಹೇಳಿದಳು. ನಜ್ಮಾ ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇಪ್ಪತ್ತು ಮಕ್ಕಳ ನಡುವ ಕುಂತು ತತ್ತಿಗೆ ಬಟಾಟಿ ಅನ್ನಲೇನ್ರಿ? ಗ್ವಾಡಿ ಮ್ಯಾಲೆ ಚಿತ್ರ ಹಚ್ಚೇನಿ, ಇದು ಬಟಾಟಿ, ಇದು ತತ್ತಿ ಅಂತ. ನಾಳಿ ಸೂಪರ್ವೈಸರ್ ಬಂದು ಕೇಳಿದ್ರ ಎಲ್ಲಾ ಮಕ್ಕಳು ತತ್ತಿಗೆ ಬಟಾಟಿ ಅಂದ್ರ ನನ್ನ ನೌಕರಿ ಬಟಾಟಿ ಆಗ್ತೈತಿ. ಮನ್ಯಾಗ ಸರಿ ಮಾಡ್ರಿ" ಎಂದರು.

ಸರಿ ಮಾಡುವುದು ಹೇಗೆ? ಮನೆಯಲ್ಲಿ ಆ ಪದ ಆಡುವಂತಿಲ್ಲ. ಮುತ್ತವ್ವ ಬಚ್ಚಲಿನ ಬಾಗಿಲು ಹಾಕಿಕೊಂಡು, ನಳ ಬಿಟ್ಟು, ಕೂಸಿನ ಕಿವಿಯಲ್ಲಿ "ತತ್ತಿ ಛಲೋ" ಎಂದು ಹೇಳಿಕೊಟ್ಟು ನೋಡಿದಳು. "ತತ್ತಿ ಛೀ" ಎಂದು ಮಿತ್ರಾ ತಿದ್ದಿದಳು, ಹಣ್ಣಿಗೆ ಕೈ ಚಾಚಿದಳು. ಕಲಿಸಿದ್ದು ಒಂದು ಸಂಜೆ, ಮರೆಸುವುದು ಎಷ್ಟು ಸಂಜೆಯೋ. ಮುತ್ತವ್ವನಿಗೆ ಸೊಸೆಯ ಮೇಲೆ ಸಿಟ್ಟು ಬಂತು, ಮಗನ ಮೇಲೆ ಬಂತು. ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆ. ಫಕೀರವ್ವ ಇದ್ದಾಗ ಮನೆಯಲ್ಲಿ ತತ್ತಿ ಇತ್ತು, ಮಾರಿದಳು. ಈಗ ತಂದು ತಿನ್ನಿಸುವ ಶಕ್ತಿ ಇದೆ, ಹೆಸರು ಹೇಳುವ ಶಕ್ತಿ ಇಲ್ಲ. ಎರಡೂ ಸಲ ಕೂಸಿನ ಬಾಯಿಗೂ ತತ್ತಿಗೂ ನಡುವೆ ನಿಂತವಳು ತಾನೇ.

ಅದೇ ವಾರ, ಒಂದು ಸೋಮವಾರ. ಸೋಮವಾರ ತತ್ತಿ ಇಲ್ಲ. ಮಿತ್ರಾ ಬೆಳಿಗ್ಗೆಯಿಂದ "ಬಟಾಟಿ, ಬಟಾಟಿ" ಎಂದು ರಾಗ ಹಿಡಿದಿದ್ದಳು. ಮುತ್ತವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಕೂಸು ಅಳುತ್ತ ಮುಂದಿನ ಮನೆಗೆ ಹೋಗಿತ್ತು. ಕೈ ತೊಳೆದುಕೊಂಡು ಹುಡುಕಿಕೊಂಡು ಹೋಗುವಷ್ಟರಲ್ಲಿ ನಿರುಪಮಾ ಬಾಯಿ ಅವಳನ್ನು ತಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಮಣೆ ಹಾಕಿ ಕೂರಿಸಿ, ಮುಂದೆ ಬೆಳ್ಳಿಯ ಪುಟ್ಟ ತಾಟಿನಲ್ಲಿ ಸುಲಿದ ಬಿಸಿ ಬಟಾಟಿ ಇಟ್ಟಿದ್ದರು. ಮೇಲೆ ತುಪ್ಪ, ಉಪ್ಪು.

"ಬರ್ರಿ ಮುತ್ತವ್ವಾ. ಬಟಾಟಿ ಬಟಾಟಿ ಅಂತ ಎಷ್ಟು ಅಳ್ಲಿಕತ್ತಿತ್ತು ಕೂಸು. ಒಂದು ಬಟಾಟಿಗೆ ಯಾಕ ಅಳಸ್ತೀರಿ?"

ಮಿತ್ರಾ ಬಟಾಟಿಯನ್ನು ಎರಡು ಕೈಯಿಂದ ಹಿಡಿದು ಮುರಿದಳು. ಒಂದು ಹೋಳು ನೋಡಿದಳು, ಇನ್ನೊಂದು ನೋಡಿದಳು. ಬೆರಳು ಹಾಕಿ ಒಳಗೆ ಕೆದಕಿದಳು. "ಚೆಂಡು?" ಎಂದಳು.

"ಏನು ಚೆಂಡು, ಪುಟ್ಟೀ?"

"ಹಳದಿ ಚೆಂಡು. ಒಳಗ ಇಲ್ಲ."

ನಿರುಪಮಾ ಬಾಯಿಯ ಕೈ ತುಪ್ಪದ ಬಟ್ಟಲ ಮೇಲೆ ನಿಂತಿತು. ಎದ್ದು ಹೋಗಿ, ರಾಯರು ಪೇಪರ್ ಓದುತ್ತಿದ್ದ ಪಡಸಾಲೆಯ ಬಾಗಿಲನ್ನು ಅರ್ಧ ಎಳೆದು ಬಂದರು.

"ನನಗೇನು ಮೂಗಿಲ್ಲ ಅಂತ ತಿಳಕೊಂಡೀರೇನು ಮುತ್ತವ್ವಾ?" ಎಂದರು, ದನಿ ತಗ್ಗಿಸಿ. "ನೀವು ಬೇಯಸ್ಲಿಕ್ಕೆ ಸುರು ಮಾಡಿದ ಮೊದಲನೇ ವಾರದಾಗ ಗೊತ್ತಾಗ್ಯದ. ನೀವು ಬಟಾಟಿ ಅಂದ್ರಿ, ನಾನೂ ಬಟಾಟಿ ಅಂದೆ. ಇವರು ಕೇಳಿದ್ರ ಇವರಿಗೂ ಹಂಗ ಹೇಳೇನಿ."

ಮುತ್ತವ್ವ ಹೊಸ್ತಿಲ ಈಚೆ ಕೂತಳು. "ಮತ್ತ ಕೂಸು ತತ್ತಿ ಛೀ ಅಂದಾಗ ಬಾಳಿಹಣ್ಣ ಕೊಟ್ರಲ್ರಿ."

"ಕೊಡದ ಏನು ಮಾಡ್ಲಿ? ನಿಮ್ಮ ಸೊಸಿ ನನ್ನ ಸಲುವಾಗಿ ಅನಿಸಿದ್ಲು, ನಾ ಆಕಿ ಸಲುವಾಗಿ ಕೊಟ್ಟೆ. ಹಿಂಗ ನಡಕೋತ ಹೋಗಲಿ. ನೀವು ಏನರ ಬೇಯಿಸ್ರಿ, ಬಾಯಿಂದ ಹೆಸರೊಂದು ಬರಬಾರದು, ಅಷ್ಟ. ಹೆಸರು ಬಂತಂದ್ರ ಇವರ ಮುಂದ ನಾ ಏನೂ ಹೇಳ್ಲಿಕ್ಕೆ ಬರೂದಿಲ್ಲ."

ಅದು ಕೆಟ್ಟ ಮಾತಲ್ಲ. ಮನೆ ಉಳಿಯುತ್ತದೆ, ನಳ ಉಳಿಯುತ್ತದೆ. ಮುತ್ತವ್ವ ಹೂಂ ಎನ್ನಬೇಕಿತ್ತು. ಮಿತ್ರಾ ಅಷ್ಟರಲ್ಲಿ ಮುರಿದ ಬಟಾಟಿಯನ್ನು ದೂಡಿ, ತುಪ್ಪದ ಬೆರಳಿನಿಂದ ಹೊಸ್ತಿಲ ಪಕ್ಕದ ಗೋಡೆಯ ಸುಣ್ಣ ಕೆರೆಯಲು ಹತ್ತಿದ್ದಳು.

ಮುತ್ತವ್ವ ಆ ಕೈ ಹಿಡಿದುಕೊಂಡಳು. "ಬಾಯಾರ, ನೀವು ಮೂವತ್ತು ವರ್ಷ ಮಕ್ಕಳಿಗೆ ಅ ಅಂದ್ರ ಅ ಅಂತ ಕಲಿಸೀರಿ. ಈ ಕೂಸಿಗೆ ನಾವು ತತ್ತಿಗೆ ಬಟಾಟಿ ಅಂತ ಕಲಿಸೇವಿ. ಅಂಗನವಾಡ್ಯಾಗ ತಾಟಿಗೆ ಬಂದದ್ದನ್ನ ದೂಡಾಕತ್ತಾಳ, ಹನ್ನೆರಡು ಸರ್ತಿ ದೂಡ್ಯಾಳ. ನಾಳಿ ಸಾಲ್ಯಾಗೂ ದೂಡ್ತಾಳ. ಹಿಂಗ ನಡದ್ರ ನಿಮಗ ನಡೀತೈತಿ, ನಮಗೂ ನಡೀತೈತಿ. ಆಕಿ ರಕ್ತಕ್ಕ ನಡ್ಯಾಂಗಿಲ್ಲ."

ಆಮೇಲೆ ಕೂಸಿನ ಕಡೆ ತಿರುಗಿ, ತಾಟಿನ ಹೋಳನ್ನು ತೋರಿಸಿ, "ಮಿತ್ರಾ, ಇದು ಬಟಾಟಿ. ಆಯಿ ನಿನಗ ಕೊಡೂದು ತತ್ತಿ. ತತ್ತಿ ಛಲೋ" ಎಂದಳು. ಕೂಗಿ ಹೇಳಲಿಲ್ಲ. ಆದರೆ ಹೊಲದಲ್ಲಿ ಆ ಬದುವಿನಿಂದ ಈ ಬದುವಿಗೆ ಮಾತಾಡಿ ಬೆಳೆದ ದನಿ ಅದು, ಸಣ್ಣದು ಮಾಡಿದರೂ ಸಣ್ಣದಾಗುವುದಿಲ್ಲ.

ಪಡಸಾಲೆಯಲ್ಲಿ ಪೇಪರಿನ ಸಪ್ಪಳ ನಿಂತಿತು. "ನಿರುಪಮಾ, ಯಾರ ಅಲ್ಲೆ ತತ್ತಿ ಸುದ್ದಿ ತಗದವರು?"

ನಿರುಪಮಾ ಬಾಯಿ ಮುತ್ತವ್ವನನ್ನು ನೋಡಿದರು. ಇನ್ನೂ ಒಂದು ಸಲ ಬಟಾಟಿ ಎಂದುಬಿಡಬಹುದಿತ್ತು. ಅವರು ಕಾದರು, ಮುತ್ತವ್ವನೂ ಕಾದಳು.

"ಹಿಂದಿನ ಮನಿಯವರು" ಎಂದರು ನಿರುಪಮಾ ಬಾಯಿ.

ಮೂರನೆಯ ದಿನ ಸುದ್ದಿ ಬಂತು, ಅದನ್ನು ಹೇಳಲೂ ಅವರೇ ಬಂದರು. ಮಗಳ ಮಗ ಸೌರಭ ಇಲ್ಲಿ ಕಾಲೇಜಿಗೆ ಬರುತ್ತಾನೆ, ಹಿಂದಿನ ಭಾಗ ಬೇಕಾಗಿದೆ, ತಿಂಗಳ ಕೊನೆಗೆ ಬಿಟ್ಟುಕೊಟ್ಟರೆ ಆಗುತ್ತದೆ. ಸೌರಭ ಇನ್ನೂ ಎಂಟನೆಯ ಇಯತ್ತೆಯಲ್ಲಿದ್ದಾನೆ ಎಂದು ಅವರೇ ಯುಗಾದಿಗೆ ಹೇಳಿದ್ದರು. ಇದೂ ಒಂದು ಬಟಾಟಿ ಎಂದು ಮುತ್ತವ್ವನಿಗೆ ತಿಳಿಯಿತು. ತಿಳಿಯಿತು ಎಂದು ತೋರಿಸಲಿಲ್ಲ.

ಶಶಿಕುಮಾರ ತಾಯಿಯ ಜೊತೆ ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ ಆಡಿದ್ದು, "ಬಾಯಿ ಬಿಟ್ಟರ ಬಣ್ಣಗೇಡು. ಒಂದು ಪದ ಹೊಟ್ಟ್ಯಾಗ ಇಟ್ಕೊಳ್ಳಾಕ ಆಗಲಿಲ್ಲೇನು ನಿನಗ?"

"ನನ್ನ ಹೊಟ್ಟ್ಯಾಗ ಇಡಬಹುದಿತ್ತಪಾ. ಆಕಿ ಹೊಟ್ಟಿಗೆ ಹೋಗ್ತಿದ್ದಿಲ್ಲ."

"ಆಕಿ ಹೊಟ್ಟಿ ಅಂತ ನೀರಿನ ನಳ ಬಿಟ್ಟು ಹೊಂಟೇವಿ. ಅದೂ ಆಕಿ ಹೊಟ್ಟಿಗ ಬೇಕಿತ್ತು."

ಮಗ ಹೇಳಿದ್ದು ಖರೆಯೇ. ನೀರಿದ್ದಲ್ಲಿ ತತ್ತಿ ಇಲ್ಲ, ತತ್ತಿ ಇದ್ದಲ್ಲಿ ನೀರಿಲ್ಲ. ಎರಡನ್ನೂ ಒಂದೇ ಮನೆಯಲ್ಲಿ ಒಂದು ಕೂಸಿಗೆ ಕೊಡುವ ಓಣಿ ಈ ಊರಲ್ಲಿ ಅವರ ಪಾಲಿಗೆ ಎಲ್ಲಿತ್ತು?

ಮನೆ ನೋಡಲು ಈ ಸಲ ಮುತ್ತವ್ವ ತಾನೇ ಮುಂದೆ ಹೋದಳು. ಬಾಗಿಲು ತೆರೆದ ಕೂಡಲೇ, ಕೋಣೆ ಎಷ್ಟು, ನೀರು ಹೇಗೆ ಎಂದು ಕೇಳುವ ಮೊದಲೇ, "ನಾವು ತತ್ತಿ ಬೇಯಿಸ್ತೇವ್ರಿ. ಆಯ್ತವಾರ ಖೈಮಾನೂ ಬೇಯಿಸ್ತೇವಿ. ನಡೀತೈತೇನ್ರಿ?" ಎನ್ನುತ್ತಿದ್ದಳು. ಶಶಿಕುಮಾರ ನಾಚಿಕೆಯಿಂದ ಮೊಬೈಲು ನೋಡುತ್ತ ನಿಲ್ಲುತ್ತಿದ್ದ. ಮೊದಲನೆಯ ಮನೆಯವರು ಬಾಗಿಲು ಹಾಕಿಕೊಂಡರು. ಎರಡನೆಯವರು ತತ್ತಿ ನಡೆಯುತ್ತದೆ, ಅದರ ಮೇಲಿನದು ನಡೆಯುವುದಿಲ್ಲ ಎಂದರು. ಇನ್ನೊಬ್ಬ ಹೆಂಗಸು ಸೆರಗು ಹೊದ್ದುಕೊಂಡು ಹತ್ತಿರ ಬಂದು, "ತಿನ್ರಿ, ನಾವೂ ತಿಂತೇವಿ. ಆದ್ರ ಹಿಂಗ ಬಾಗಲದಾಗ ನಿಂತು ಹೇಳಬ್ಯಾಡ್ರಿ" ಎಂದಳು. ಒಬ್ಬರು ಮೊದಲು ಹೆಸರು ಕೇಳಿದರು, ಆಮೇಲೆ ಅಡ್ಡಹೆಸರು ಕೇಳಿದರು, ಆಮೇಲೆ ಮನೆ ಮೊನ್ನೆಯೇ ಹೋಯಿತು ಎಂದರು.

ಎಂಟನೆಯ ಬಾಗಿಲು ಗೌಸಮೊದ್ದೀನನದು, ಬಸ್ಸಿನ ಸೀಟು ಹೊಲಿಯುವ ಕೆಲಸದವನು. ಕೆಳಗೆ ಅವನ ಕೆಲಸದ ಜಾಗ, ಮೇಲೆ ತಗಡಿನ ಎರಡು ಕೋಣೆ. ಮುತ್ತವ್ವ ತನ್ನ ಮಾತು ಮುಗಿಸಿದ ಮೇಲೆ ಅವನು ಬಾಯಲ್ಲಿದ್ದ ಸೂಜಿ ತೆಗೆದು, "ತತ್ತಿ ನಿಮ್ಮದು, ಗ್ಯಾಸ್ ನಿಮ್ಮದು. ನನಗ್ಯಾಕ ಕೇಳ್ತೀರಿ ಖಾಲಾ?" ಎಂದ. ನೀರಿನ ಮಾತು ಬಂದಾಗ ಮಾತ್ರ ತಲೆ ಕೆರೆದುಕೊಂಡ. ನಾಲ್ಕು ಮನೆಗೆ ಒಂದು ನಳ, ವಾರಕ್ಕೊಮ್ಮೆ.

ಸಾಮಾನು ಸಾಗಿಸುವ ದಿನ ನಿರುಪಮಾ ಬಾಯಿ ಮಿತ್ರಾಳ ಕೈಗೆ ಬಾಳೆಹಣ್ಣು ಕೊಟ್ಟು, "ಕೂಸಿನ್ನ ಕರ್ಕೊಂಡು ಬರ್ರಿ ಆಗಾಗ" ಎಂದರು. ಅವರ ಕಣ್ಣು ತುಂಬಿದ್ದು ಖರೆ. ಹಣ್ಣು ಕಂಡ ಕೂಡಲೇ ಮಿತ್ರಾ ಮೂಗು ಮುರಿದು ಹೇಳಬೇಕಾದದ್ದನ್ನು ಹೇಳಿದಳು. ಯಾರೂ ನಗಲಿಲ್ಲ.

ಹೊಸ ಓಣಿಯ ಅಂಗನವಾಡಿಯಲ್ಲಿ ಹೊಸ ಟೀಚರು, ತುಟಿ ಬಿಗಿಹಿಡಿದ ಹುಡುಗಿ. ಮೊದಲ ಶುಕ್ರವಾರ ಮುತ್ತವ್ವ ಕೂಸನ್ನು ಬಿಟ್ಟು, "ತತ್ತಿ ತಿಂತಾಳ ಅಂತ ಬರ್ಕೋರಿ" ಎಂದಳು.

"ತಿಂದ ಮ್ಯಾಲೆ ಬರೀತೇನ್ರಿ. ಮೊದಲ ಬರದ್ರ ತಪ್ಪು."

"ಹಂಗಾದ್ರ ನಾ ಕುಂದರ್ತೇನಿ."

ಮಕ್ಕಳ ಸಾಲಿನ ಕೊನೆಗೆ ಗೋಡೆಗೆ ಬೆನ್ನು ಹಚ್ಚಿ ಕೂತಳು. ಸುಲಿದ ತತ್ತಿ ತಾಟಿಗೆ ಬಂತು. ಮಿತ್ರಾ ಅದನ್ನು ನೋಡಿದಳು, ಟೀಚರ ಬಾಯಿಂದ ಹೆಸರು ಕೇಳಿದಳು, ಮುಖ ತಿರುಗಿಸಿದಳು. ಬಟಾಟಿ ಎಂಬ ಮಾತು ಮುತ್ತವ್ವನ ನಾಲಿಗೆಯ ತುದಿಗೆ ಬಂತು. ಅಂದಿದ್ದರೆ ಕೂಸು ಆಗಲೇ ಬಾಯಿ ತೆರೆಯುತ್ತಿತ್ತು. ಅನ್ನಲಿಲ್ಲ. ಮಗ್ಗುಲಿನ ಮಕ್ಕಳು ತಿಂದು ಕೈ ನೆಕ್ಕಿದರು, ತೊಳೆಯಲು ಎದ್ದರು. ತತ್ತಿ ಆರಿತು. ಮುಕ್ಕಾಲು ಗಂಟೆಯಾದ ಮೇಲೆ ಮಿತ್ರಾ ಬೇಸರಕ್ಕೋ ಹಸಿವಿಗೋ ಅದನ್ನು ಎತ್ತಿ, ಬಿಳಿಯ ಒಂದು ಬದಿಯನ್ನು ಕಚ್ಚಿ, ಅಗಿದು, ಉಳಿದದ್ದನ್ನು ತಾಟಿಗೆ ಬಿಟ್ಟಳು. ಹಳದಿ ಮುಟ್ಟಲಿಲ್ಲ.

ಟೀಚರು ಪುಸ್ತಕ ತೆಗೆದು 'ಅರ್ಧ' ಎಂದು ಬರೆದರು. ಮುತ್ತವ್ವ ಎದ್ದು ಬಂದು ಬಗ್ಗಿ, ಅಕ್ಷರ ಕೂಡಿಸಿ ಓದಿದಳು.

"ಅರ್ಧ ಆಗಿಲ್ರಿ" ಎಂದಳು. "ಕಾಲು ಅಂತ ಬರೀರಿ."